ರಾಜಪ್ರಮುಖರ ಪದವಿ ಹೋಯಿತು, ನಾಡು ಒಂದಾಯಿತು

ರಜೆಗೆಂದು ಯಗಟಿಗೆ ಬಂದ ಮೊಮ್ಮಗಳು ಜಗಲಿಯಲ್ಲಿ ಕೂತು ಇತಿಹಾಸದ ಪುಸ್ತಕ ಓದುತ್ತಿದ್ದಳು. "ತಾತ, ಇಂಗ್ಲೆಂಡು ಮೊದಲು ಒಂದೇ ದೇಶ ಆಗಿರಲಿಲ್ಲವಂತೆ!" ಎಂದಳು.

ನಿಜ ಮಕ್ಕಳೇ. ವೆಸೆಕ್ಸ್, ಮರ್ಸಿಯಾ, ನಾರ್ಥಂಬ್ರಿಯಾ ಎಂದೆಲ್ಲ ಅಲ್ಲಿ ಆಂಗ್ಲೋ ಸ್ಯಾಕ್ಸನ್ ಜನರ ಬೇರೆ ಬೇರೆ ರಾಜ್ಯಗಳಿದ್ದವು. ಕಡಲಾಚೆಯಿಂದ ನುಗ್ಗಿದ ವೈಕಿಂಗರನ್ನು ವೆಸೆಕ್ಸ್‌ನ ರಾಜ ಆಲ್‌ಫ್ರೆಡ್ 878ರಲ್ಲಿ ಸೋಲಿಸಿದ. ಅವನ ಮಗ ಎಡ್ವರ್ಡ್, ಮಗಳು ಎಥೆಲ್‌ಫ್ಲೆಡ್ ಕೋಟೆಗಳನ್ನು ಕಟ್ಟುತ್ತಾ ಗಡಿ ಹಿಗ್ಗಿಸಿದರು. ಮೊಮ್ಮಗ ಎಥೆಲ್‌ಸ್ಟನ್ 927ರಲ್ಲಿ ಯಾರ್ಕ್ ನಗರ ಹಿಡಿದು ಎಲ್ಲ ಇಂಗ್ಲಿಷರ ರಾಜನಾದ. ಮೂರು ತಲೆಮಾರಿನ ಕೆಲಸ, ಅದೂ ಕತ್ತಿಯಿಂದ.

"ನಮ್ಮ ಕರ್ನಾಟಕವನ್ನು ಹೀಗೆ ಒಂದು ಮಾಡಿದ ರಾಜ ಯಾರು?" ಎಂದು ಅವಳ ಮುಂದಿನ ಪ್ರಶ್ನೆ.

ಯಾರೂ ಇಲ್ಲ. ಜನರೇ ಒಂದು ಮಾಡಿದ್ದು. ಸ್ವಾತಂತ್ರ್ಯ ಬಂದಾಗ ಕನ್ನಡಿಗರು ಚೆಲ್ಲಾಪಿಲ್ಲಿಯಾಗಿದ್ದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಮುಂಬೈ ಪ್ರಾಂತ್ಯದಲ್ಲಿ. ರಾಯಚೂರು, ಕಲಬುರಗಿ, ಬೀದರ್ ಹೈದರಾಬಾದಿನ ನಿಜಾಮನ ಕೈಯಲ್ಲಿ. ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಮದರಾಸಿಗೆ. ಕೊಡಗು ಬೇರೆ. ಜಮಖಂಡಿ, ಮುಧೋಳ, ಸಂಡೂರಿನಂಥ ಪುಟ್ಟ ಸಂಸ್ಥಾನಗಳು ಬೇರೆ. ನಾವು ಕಡೂರಿನವರು ಮೈಸೂರು ಮಹಾರಾಜರ ಪ್ರಜೆಗಳು. ಇವೆಲ್ಲ ಒಂದಾಗಬೇಕೆಂದು ಆಲೂರು ವೆಂಕಟರಾಯರು ಊರೂರು ತಿರುಗಿದರು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು.

ಈಗ ಒಂದು ಮಾತು ಮುಚ್ಚಿಡದೆ ಹೇಳಬೇಕು. ನಮ್ಮ ಕಡೆ ಎಲ್ಲರಿಗೂ ಇದು ಬೇಕಿರಲಿಲ್ಲ. ನಮ್ಮಪ್ಪನಿಗೂ ಬೇಕಿರಲಿಲ್ಲ! ಪಕ್ಕದ ತರೀಕೆರೆಯ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಏಳುತ್ತಿತ್ತು, ಜೋಗದಿಂದ ಕರೆಂಟು ಬರುತ್ತಿತ್ತು. "ನಮ್ಮ ದುಡ್ಡೆಲ್ಲ ಆ ಬರದ ಸೀಮೆಗೆ ಹೋಗುತ್ತೆ" ಎಂದು ಇದೇ ಜಗಲಿಯಲ್ಲಿ ಕೂತು ಗೊಣಗುತ್ತಿದ್ದರಂತೆ. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರ ನಿಂತರು. ಹಳೇ ಮೈಸೂರಿನ ಎಷ್ಟೋ ಮುಖಂಡರಿಗೆ ಅದು ಹಿಡಿಸಲಿಲ್ಲ.

ರಾಜರು ಏನು ಮಾಡಿದರು? ಜಯಚಾಮರಾಜ ಒಡೆಯರು ಆಗ ಮೈಸೂರಿನ ರಾಜಪ್ರಮುಖರು. ಹೊಸ ರಾಜ್ಯ ಬಂದರೆ ಆ ಪದವಿಯೇ ಇರುವುದಿಲ್ಲ. ಆದರೂ ಅವರು ಏಕೀಕರಣಕ್ಕೆ ಒಪ್ಪಿದರು. 1956ರ ನವೆಂಬರ್ 1ರಂದು 19 ಜಿಲ್ಲೆಗಳ ರಾಜ್ಯ ಹುಟ್ಟಿತು. ಅವರು ಅದರ ರಾಜ್ಯಪಾಲರಾದರು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿ. ಹೆಸರು ಮಾತ್ರ ಇನ್ನೂ ಮೈಸೂರು ಅಂತಲೇ ಇತ್ತು. 'ಕರ್ನಾಟಕ' ಆಗಿದ್ದು 1973ರಲ್ಲಿ, ದೇವರಾಜ ಅರಸರ ಕಾಲದಲ್ಲಿ.

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ನನ್ನನ್ನು ರಾಯಚೂರು ಕಡೆಗೆ ಹಾಕಿದರು. ಅಪ್ಪ ಗೊಣಗುತ್ತಿದ್ದ ಅದೇ ಬರದ ಸೀಮೆ! ಒಂದು ದಿನ ಒಬ್ಬ ಹಿರಿಯರು ಮಗನ ಜೊತೆ ಕೌಂಟರಿಗೆ ಬಂದರು. "ರೊಕ್ಕ ತಗೀಬೇಕ್ರೀ ಸಾಹೇಬ್ರ" ಎಂದರು. ಜಂಟಿ ಖಾತೆ. ಸಹಿ ತಾಳೆ ನೋಡಲು ಕಾರ್ಡು ತೆಗೆದೆ. ಅಪ್ಪನ ಸಹಿ ಉರ್ದುವಿನಲ್ಲಿ, ಮಗನದು ಕನ್ನಡದಲ್ಲಿ. ಮನೆಯಲ್ಲಿ ಇಬ್ಬರೂ ಆಡುವುದು ಕನ್ನಡವೇ. "ನಮ್ ಸಾಲ್ಯಾಗ ಕನ್ನಡ ಎಲ್ಲಿತ್ರೀ? ನಿಜಾಮನ ಕಾಲ" ಎಂದು ಹಿರಿಯರು ನಕ್ಕರು. ನನಗೆ ನಗು ಬರಲಿಲ್ಲ. ಆ ವಾರ ಊರಿಗೆ ಬರೆದ ಕಾಗದದಲ್ಲಿ ಅಪ್ಪನಿಗೆ ಈ ಎರಡು ಸಹಿಗಳ ವಿಷಯ ತಿಳಿಸಿದೆ.

ಇಷ್ಟು ಹೇಳಿದ ಮೇಲೆ ಮೊಮ್ಮಗಳು ನಕ್ಷೆ ಬಿಡಿಸಿಕೊಂಡು, "ಎಲ್ಲರೂ ಸೇರಿದರಾ?" ಎಂದಳು. ಇಲ್ಲ. ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಬರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತು, ಬರಲಿಲ್ಲ. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು. ಅವಳು ನಕ್ಷೆಯಲ್ಲಿ ಆ ಹೊಳೆಯನ್ನು ಬೆರಳಿಟ್ಟು ಹುಡುಕುತ್ತಿದ್ದಳು.