ಇಸ್ರೊ ಸೇನೆಯ ಗುಟ್ಟನ್ನೂ ಕಾಯುತ್ತದೆಯೆ?

ಪ್ರಶ್ನೆ: ಇಸ್ರೊ ನಾಗರಿಕ ಸಂಸ್ಥೆಯಲ್ಲವೆ? ಸೇನೆಯ ಕೆಲಸವನ್ನೂ ಮಾಡುತ್ತದೆಯೆ?
– ಓದುಗರೊಬ್ಬರು, ಕೆ.ಆರ್. ನಗರ

ಮಾಡುತ್ತದೆ. ಉದಾಹರಣೆ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಹಾಸನದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ನಮ್ಮ ಟಿವಿ, ಹವಾಮಾನ ಉಪಗ್ರಹಗಳನ್ನು ನೋಡಿಕೊಳ್ಳುವ ನಿಯಂತ್ರಣ ಕೇಂದ್ರ. 2013ರ ಆಗಸ್ಟ್ 30ರಂದು ಫ್ರೆಂಚ್ ಗಯಾನಾದಿಂದ ಹಾರಿದ ಜಿಸ್ಯಾಟ್-7ರ ಹಿಡಿತವನ್ನು ಕೈಗೆತ್ತಿಕೊಂಡದ್ದೂ ಇದೇ ಕೇಂದ್ರ. ಇಸ್ರೊ ಅದನ್ನು ಸುಧಾರಿತ ಸಂಪರ್ಕ ಉಪಗ್ರಹ ಎಂದು ಪರಿಚಯಿಸಿತು. ಬಳಸುವವರು ನೌಕಾಪಡೆಯವರು, ಅವರ ಬಾಯಲ್ಲಿ ಅದು 'ರುಕ್ಮಿಣಿ'. ಹಡಗು, ಜಲಾಂತರ್ಗಾಮಿ, ವಿಮಾನಗಳು ನಡುಸಮುದ್ರದಲ್ಲಿ ಪರಸ್ಪರ ಮಾತಾಡುವುದು ಅದರ ಮೂಲಕ. 2018ರ ಡಿಸೆಂಬರಿನಲ್ಲಿ ವಾಯುಪಡೆಗಾಗಿ ಜಿಸ್ಯಾಟ್-7ಎ ಹೋಯಿತು.

ಗುಟ್ಟಿನ ಮಾತಿಗೆ ಬಂದರೆ, ಉಡಾವಣೆಯನ್ನು ಮುಚ್ಚಿಡಲಾಗದು. ರಾಕೆಟ್ ಎಲ್ಲರಿಗೂ ಕಾಣುತ್ತದೆ, ಕಕ್ಷೆಯನ್ನು ಹವ್ಯಾಸಿಗಳೂ ದೂರದರ್ಶಕದಿಂದ ಲೆಕ್ಕ ಹಾಕುತ್ತಾರೆ. ಬಚ್ಚಿಡುವುದು ಉದ್ದೇಶವನ್ನು. 2019ರ ಜನವರಿ 24ರಂದು ಶ್ರೀಹರಿಕೋಟಾದಿಂದ ಏರಿದ ಮೈಕ್ರೊಸ್ಯಾಟ್-ಆರ್ ಅನ್ನು ಚಿತ್ರ ತೆಗೆಯುವ ಉಪಗ್ರಹವೆಂದಷ್ಟೇ ಹೇಳಲಾಗಿತ್ತು. ಮಾರ್ಚ್ 27ರಂದು ಡಿಆರ್‌ಡಿಒ ಕ್ಷಿಪಣಿ ಅದನ್ನು ಸುಮಾರು 280 ಕಿ.ಮೀ. ಎತ್ತರದಲ್ಲಿ ಒಡೆದುಹಾಕಿತು. 'ಮಿಷನ್ ಶಕ್ತಿ' ಎಂಬ ಉಪಗ್ರಹ ನಾಶಕ ಪರೀಕ್ಷೆಯ ಗುರಿ ಅದೇ ಆಗಿತ್ತು!

ಇದು ನಮ್ಮೊಬ್ಬರ ರೂಢಿಯಲ್ಲ. ಅಮೆರಿಕವು 1959ರಿಂದ 1962ರವರೆಗೆ ತನ್ನ ಕೊರೋನಾ ಗೂಢಚಾರ ಉಪಗ್ರಹಗಳನ್ನು 'ಡಿಸ್ಕವರರ್' ಎಂಬ ವೈಜ್ಞಾನಿಕ ಹೆಸರಿನಡಿ ಹಾರಿಸಿತು. 1995ರಲ್ಲಿ ಕೊರೋನಾ ತೆಗೆದ ಚಿತ್ರಗಳ ಗೋಪ್ಯತೆ ತೆಗೆದುಹಾಕಿತು. ನಾಗರಿಕ, ಸೇನಾ ಕೆಲಸಗಳನ್ನು ಬೇರ್ಪಡಿಸುವುದೂ ಸುಲಭವಲ್ಲ: ಕಬಿನಿ ಜಲಾಶಯದ ನೀರಿನ ಹರವು ಅಳೆಯುವ ಉಪಗ್ರಹದ ಕ್ಯಾಮೆರಾ ಗಡಿಯ ಠಾಣೆಯನ್ನೂ ನೋಡಬಲ್ಲದು, ತಂತ್ರಜ್ಞಾನ ಒಂದೇ. ಸೇನೆಯ ಸಂಕೇತ, ತರಂಗಾಂತರಗಳು ಗುಟ್ಟಾಗಿರುವುದು ನ್ಯಾಯ. ಕೆಲಸ ಮುಗಿದ ಉಪಗ್ರಹದ ಉದ್ದೇಶವನ್ನು ಮಾತ್ರ ಜನರಿಗೆ ಹೇಳಲೇಬೇಕು, ಹಣ ಅವರದು.