ಬೇಸಿಗೆ ಬಿಸಿಲಿಗೂ ಒಂದು ಭರಣಿ!

ಬೇಸಿಗೆ ಬಂತೆಂದರೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಅಂತ ಮಳೆಗಾಲಕ್ಕೆ ಕೂಡಿಡೋದು ನಮಗೆಲ್ಲ ರೂಢಿ. ಆದರೆ ಬಿಸಿಲನ್ನೇ ಕೂಡಿಟ್ಟು ಚಳಿಗಾಲದಲ್ಲಿ ಮನೆ ಬೆಚ್ಚಗೆ ಮಾಡಿಕೊಳ್ಳೋದುಂಟೇ?

ಉಂಟು. ಕೆನಡಾದ ಕ್ಯಾಲ್ಗರಿ ನಗರದ ದಕ್ಷಿಣಕ್ಕೆ ಒಕೊಟೋಕ್ಸ್ ಎಂಬ ಊರಿದೆ. ಅಲ್ಲಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದೂ ಇದೆ. ಮನೆ ಬೆಚ್ಚಗಿಡೋದು ಅಲ್ಲಿ ಶೋಕಿಯಲ್ಲ, ಜೀವದ ಪ್ರಶ್ನೆ. ಆ ಊರಿನ ಡ್ರೇಕ್ ಲ್ಯಾಂಡಿಂಗ್ ಬಡಾವಣೆಯ 52 ಮನೆಗಳಿಗೆ 2007ರಿಂದ ಸುಮಾರು 17 ವರ್ಷ ಚಳಿ ಓಡಿಸಿದ್ದು ಹೆಚ್ಚಾಗಿ ಬೇಸಿಗೆಯ ಬಿಸಿಲೇ!

ಕೂಡಿಡುತ್ತಿದ್ದುದು ಹೇಗೆ?

ಗ್ಯಾರೇಜುಗಳ ಸೂರಿನ ಮೇಲೆ ಸುಮಾರು 800 ಸೋಲಾರ್ ಫಲಕಗಳಿದ್ದವು. ಕರೆಂಟ್ ಕೊಡೋವಲ್ಲ, ನಮ್ಮ ತಾರಸಿಯ ಸೋಲಾರ್ ವಾಟರ್ ಹೀಟರ್‌ನಂತೆ ಬಿಸಿ ಹಿಡಿಯೋವು. ಹೆಪ್ಪುಗಟ್ಟದ ದ್ರವವೊಂದು ಆ ಬಿಸಿಯನ್ನು ಬಡಾವಣೆಗೆಲ್ಲ ಒಂದೇ ಆದ ಪಂಪ್‌ಹೌಸಿಗೆ ತಂದು ನೀರಿಗೆ ದಾಟಿಸುತ್ತಿತ್ತು. ಆ ಬಿಸಿನೀರು ಸುಮಾರು 35 ಮೀಟರ್ ಆಳದ 144 ಕೊಳವೆಬಾವಿಗಳಲ್ಲಿ ಸುತ್ತುತ್ತಿತ್ತು. ನೀರೆತ್ತುವ ಬೋರ್‌ವೆಲ್ ಅಲ್ಲ ಇವು. ಒಂದೊಂದರಲ್ಲೂ ಕೆಳಗಿಳಿದು ವಾಪಸು ಮೇಲೆ ಬರುವ ಪ್ಲಾಸ್ಟಿಕ್ ಪೈಪು, ಅಷ್ಟೇ. ಸುತ್ತಲಿನ ಮಣ್ಣು-ಕಲ್ಲು ಬಿಸಿ ಹೀರಿಕೊಳ್ಳುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ನೆಲ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕೆಂಬುದು ಲೆಕ್ಕಾಚಾರ. ಚಳಿಗಾಲದಲ್ಲಿ ಅದೇ ಪೈಪಿನಲ್ಲಿ ತಣ್ಣೀರು ಇಳಿದು ಬಿಸಿಯಾಗಿ ಮೇಲೆ ಬಂದು ಮನೆಮನೆ ಸೇರುತ್ತಿತ್ತು.

ಬಿಸಿ ಆರಿಹೋಗಲ್ವೇ?

ಸ್ವಲ್ಪ ಆರುತ್ತದೆ. ಆದರೆ ಲೋಟದ ಕಾಫಿಯಷ್ಟು ಬೇಗ ಹಂಡೆಯ ನೀರು ಆರುವುದಿಲ್ಲ, ನೋಡಿ. ಗಾತ್ರ ದೊಡ್ಡದಾದಷ್ಟೂ ಬಿಸಿ ನಿಲ್ಲುತ್ತದೆ. ಹಾಗಾಗಿ ಒಂದೇ ಪುಟ್ಟ ಮನೆಯವರು ಹಿತ್ತಿಲಲ್ಲಿ ಒಂದೆರಡು ಬಾವಿ ಕೊರೆಸಿದರೆ ಈ ಫಲ ಸಿಗದು. 52 ಮನೆ ಒಟ್ಟು ಸೇರಿದ್ದೇ ಇಲ್ಲಿನ ಗುಟ್ಟು. ಕೊಳವೆಬಾವಿಗಳ ಮೇಲೆ ಬಿಸಿ ತಡೆಯುವ ದಪ್ಪ ಹೊದಿಕೆ ಹಾಸಿ ಮಣ್ಣು ಮುಚ್ಚಿದ್ದರು. ನೆಲ ಚೆನ್ನಾಗಿ ಕಾಯಲು ಕೆಲವು ವರ್ಷಗಳೇ ಹಿಡಿದವು. ಐದನೇ ವರ್ಷಕ್ಕೆ ಮನೆ ಕಾಯಿಸಲು ಬೇಕಾದ ಬಿಸಿಯಲ್ಲಿ ಶೇ. 90ಕ್ಕೂ ಹೆಚ್ಚು ಬಿಸಿಲಿನದೇ. 2015-16ರ ಚಳಿಗಾಲದಲ್ಲಂತೂ ಪೂರ್ತಿ ನೂರಕ್ಕೆ ನೂರು! ಪಂಪುಗಳಿಗೆ ಮಾತ್ರ ಕರೆಂಟ್ ಬೇಕಿತ್ತು.

ಮತ್ತೆ ನಿಂತಿದ್ದೇಕೆ?

ಉಪಕರಣಗಳು ಹಳತಾದವು, ಬಿಡಿಭಾಗ ಸಿಗುವುದು ಕಷ್ಟವಾಯಿತು. 2024ರಲ್ಲಿ ವ್ಯವಸ್ಥೆಯನ್ನೇ ನಿಲ್ಲಿಸುವ ತೀರ್ಮಾನವಾಗಿ, ಮನೆಗಳು ಗ್ಯಾಸ್ ಹೀಟರಿಗೆ ಬದಲಾಗಬೇಕಾಯಿತು. ಕೈಕೊಟ್ಟಿದ್ದು ನೆಲವಲ್ಲ, ಮೇಲಿನ ಯಂತ್ರಗಳು.

ನಾವು ಕಲಿಯೋದೇನು?

ನಮ್ಮೂರಲ್ಲಿ ಮನೆ ಕಾಯಿಸುವ ಅಗತ್ಯ ಎಲ್ಲಿದೆ ಅಂತೀರಾ? ನಿಜ, ನಮಗೆ ಸ್ನಾನಕ್ಕೆ ಬಿಸಿನೀರಿದ್ದರೆ ಸಾಕು. ಆದರೂ ಈ ಕಿವಿಮಾತು ಎರಡೂ ಕಡೆಗೆ ಹೊಂದುತ್ತದೆ.

* ಮಗಳು-ಅಳಿಯ ಚಳಿದೇಶದಲ್ಲಿ ಇಂಥ ಬಡಾವಣೆಯ ಮನೆ ನೋಡುತ್ತಿದ್ದಾರಾ? ಕೆಟ್ಟರೆ ರಿಪೇರಿ ಯಾರದು, ಖರ್ಚು ಯಾರದು, 20 ವರ್ಷದ ನಂತರ ಏನು, ಬದಲಿ ಹೀಟರ್ ಇದೆಯಾ ಎಂದು ಮೊದಲೇ ಕೇಳಲು ಹೇಳಿ.

* ಬಿಸಿ ತರುವ ಮುಂಚೆ ಬಿಸಿ ಸೋರದಂತೆ ನೋಡಿಕೊಳ್ಳಬೇಕು. ಗೋಡೆ, ಸೂರು, ಕಿಟಕಿ ಭದ್ರವಾಗಿರಲಿ. ಡ್ರೇಕ್ ಲ್ಯಾಂಡಿಂಗ್ ಮನೆಗಳನ್ನು ಕಟ್ಟಿದ್ದೇ ಹಾಗೆ.

* ನಿಮ್ಮ ಸೋಲಾರ್ ಹೀಟರಿನ ಟ್ಯಾಂಕಿನಿಂದ ಬಚ್ಚಲಿಗೆ ಬರುವ ಬಿಸಿನೀರಿನ ಪೈಪಿಗೆ ಹೊದಿಕೆ ಇದೆಯಾ, ಹರಿದಿದೆಯಾ ನೋಡಿ.

* ಫಲಕದ ಗಾಜಿನ ಧೂಳನ್ನು ಬೆಳಗಿನ ತಂಪಿನಲ್ಲಿ ಒರೆಸಿ. ಗಡಸು ನೀರಾದರೆ ಒಳಗೆ ಕಟ್ಟುವ ಬಿಳಿ ಪದರವನ್ನು ಆಗಾಗ ತೆಗೆಸಿ.

* ಹೊಸದು ಕೊಳ್ಳುವಾಗ ರೇಟು ಕೇಳಿ ಸುಮ್ಮನಾಗಬೇಡಿ. ಊರಲ್ಲೇ ಸರ್ವೀಸ್, ಬಿಡಿಭಾಗ ಸಿಗುತ್ತಾ ವಿಚಾರಿಸಿ.

ಭರಣಿ ತುಂಬಿಟ್ಟರಷ್ಟೇ ಸಾಲದು, ಆಗಾಗ ತೆಗೆದು ನೋಡುತ್ತಲೂ ಇರಬೇಕು ಅಲ್ವೇ?