ರೆಕ್ಕೆಯ ಪಕ್ಕದಲ್ಲಿ ಬಿಡಾರ

ಸ್ವಂತ ವಿಮಾನ ಹಾರಿಸಿಕೊಂಡು ವೈಮಾನಿಕ ಪ್ರದರ್ಶನಕ್ಕೆ ಹೋಗಿ, ಹುಲ್ಲುಬಯಲಲ್ಲಿ ಅದನ್ನು ನಿಲ್ಲಿಸಿ, ರೆಕ್ಕೆಯ ಪಕ್ಕದಲ್ಲೇ ಡೇರೆ ಹಾಕಿ ವಾರವಿಡೀ ಉಳಿಯುವ ಪದ್ಧತಿ ಅಮೆರಿಕದಲ್ಲಿದೆ. ಅದರ ಅತಿ ದೊಡ್ಡ ನೆಲೆ ವಿಸ್ಕಾನ್ಸಿನ್ ರಾಜ್ಯದ ಓಶ್‌ಕೋಶ್ ಊರು. ಬನಶಂಕರಿ ಜಾತ್ರೆ ಕಂಡ ರೋಣ, ಬಾದಾಮಿ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಸವಾರಿ ಬಂಡಿ ಕಟ್ಟಿಕೊಂಡು, ಬುತ್ತಿ ಹೊತ್ತು ಬಂದವರು ಎತ್ತು ಬಿಚ್ಚಿ, ಬಂಡಿಯ ಬುಡದಲ್ಲೇ ಅಡುಗೆ ಮಾಡಿ ಮಲಗುತ್ತಿದ್ದರು. ಬಂದ ಬಂಡಿಯೇ ಮನೆಯಾಗುತ್ತಿತ್ತು. ಓಶ್‌ಕೋಶ್‌ನಲ್ಲಿ ಬಂಡಿಯ ಜಾಗದಲ್ಲಿ ವಿಮಾನವಿದೆ.

ಈ ಮೇಳ ಶುರುವಾದದ್ದು ಮನೆಯಲ್ಲೇ ವಿಮಾನ ಕಟ್ಟುವವರಿಂದ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬ ವಿಮಾನ ಚಾಲಕ ಮಿಲ್ವಾಕಿಯಲ್ಲಿ ಅಂಥ ಹವ್ಯಾಸಿಗಳ ಸಂಘವೊಂದನ್ನು ಕಟ್ಟಿದರು. ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬುದು ಅದರ ಹೆಸರು. ತಾವು ಕಟ್ಟಿದ್ದನ್ನು ಒಬ್ಬರಿಗೊಬ್ಬರು ತೋರಿಸಲು ಸದಸ್ಯರು ವರ್ಷಕ್ಕೊಮ್ಮೆ ಸೇರತೊಡಗಿದರು. ಜಾಗ ಸಾಲದೆ 1959ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ಗೂ 1970ರಲ್ಲಿ ಓಶ್‌ಕೋಶ್‌ಗೂ ಮೇಳ ಸ್ಥಳಾಂತರವಾಯಿತು. ಏರ್‌ವೆಂಚರ್ ಎಂದು ಹೆಸರಾಗಿರುವ ಇದು ಪ್ರತಿ ಜುಲೈ ಕೊನೆಯಲ್ಲಿ ಒಂದು ವಾರ ನಡೆಯುತ್ತದೆ. ಸುಮಾರು 10,000 ವಿಮಾನಗಳು ಆ ಸೀಮೆಗೆ ಬಂದಿಳಿಯುತ್ತವೆ. 2024ರಲ್ಲಿ ಬಂದ ಜನ ಸುಮಾರು 6,86,000.

ಇಷ್ಟು ವಿಮಾನಗಳನ್ನು ಇಳಿಸಿಕೊಳ್ಳುವ ಬಗೆಯೇ ಈ ಮೇಳದ ನಿಜವಾದ ಸಾಧನೆ. ಗದಗ–ಬಾದಾಮಿ ನಡುವಿನ ರೈಲು ಹಳಿಯ ಮೇಲಿರುವ ಹೊಳೆಆಲೂರಿನವರು ಅದನ್ನು ಸುಲಭವಾಗಿ ಕಲ್ಪಿಸಿಕೊಳ್ಳಬಹುದು. ಸಣ್ಣ ವಿಮಾನಗಳೆಲ್ಲ ಮೊದಲು ರಿಪನ್ ಎಂಬ ಊರಿನ ಮೇಲೆ ಬರಬೇಕು. ಅಲ್ಲಿಂದ ಕೆಳಗೆ ಕಾಣುವ ರೈಲು ಹಳಿಯನ್ನೇ ಹಿಡಿದು, ಒಂದರ ಹಿಂದೊಂದು ಅರ್ಧ ಮೈಲಿ ಅಂತರದಲ್ಲಿ, ಫಿಸ್ಕ್ ಎಂಬ ಹಳ್ಳಿಯ ತನಕ ಸಾಗಬೇಕು. ವೇಗ 90 ನಾಟ್, ಅಂದರೆ ಗಂಟೆಗೆ ಸುಮಾರು 167 ಕಿ.ಮೀ. ಎತ್ತರ ಸಮುದ್ರಮಟ್ಟದಿಂದ 1,800 ಅಡಿ, ನೆಲದಿಂದ ಸಾವಿರ ಅಡಿಯಷ್ಟು. ಹೆಚ್ಚು ವೇಗದ ವಿಮಾನಗಳಿಗೆ ಅದಕ್ಕಿಂತ 500 ಅಡಿ ಮೇಲೆ ಬೇರೆ ಸಾಲು.

ಫಿಸ್ಕ್‌ನಲ್ಲಿ ನಿಯಂತ್ರಕರು ನೆಲದ ಮೇಲೆ ಕೂತು ಆಕಾಶ ನೋಡುತ್ತಿರುತ್ತಾರೆ. ನೋಂದಣಿ ಸಂಖ್ಯೆ ಕೇಳುವಷ್ಟು ಪುರಸೊತ್ತಿಲ್ಲ. ಬಣ್ಣ ಮತ್ತು ಆಕಾರ ಹೇಳಿ ಕರೆಯುತ್ತಾರೆ: ಕೆಂಪು ವಿಮಾನ, ರೆಕ್ಕೆ ಆಡಿಸು. ಚಾಲಕ ರೇಡಿಯೊದಲ್ಲಿ ಉತ್ತರ ಕೊಡುವಂತಿಲ್ಲ, ರೆಕ್ಕೆ ಆಡಿಸಿದರೆ ಸಾಕು, ಕೇಳಿಸಿತೆಂದು ತಿಳಿಯುತ್ತದೆ. ನೂರಾರು ಜನ ಒಂದೇ ತರಂಗದಲ್ಲಿ ಮಾತಿಗಿಳಿದರೆ ಯಾರ ಮಾತೂ ಯಾರಿಗೂ ಕೇಳದು, ಅದಕ್ಕೇ ಈ ಮೌನ. ರನ್‌ವೇ ಮೇಲೆ ಹಸಿರು, ಕಿತ್ತಳೆ ಬಣ್ಣದ ದೊಡ್ಡ ಚುಕ್ಕೆಗಳಿವೆ. ಹಿಂದಿನವನಿಗೆ ಒಂದು ಚುಕ್ಕೆ, ಮುಂದಿನವನಿಗೆ ಇನ್ನೊಂದು. ಹೀಗೆ ಒಂದೇ ರನ್‌ವೇಯಲ್ಲಿ ಒಂದಕ್ಕಿಂತ ಹೆಚ್ಚು ವಿಮಾನಗಳು ಒಟ್ಟಿಗೆ ಇಳಿಯುತ್ತವೆ. ಈ ಕ್ರಮವನ್ನೆಲ್ಲ ವಿವರಿಸುವ ಸೂಚನಾ ಪುಸ್ತಿಕೆ ಪ್ರತಿವರ್ಷ ಹೊರಬರುತ್ತದೆ. ಅದನ್ನು ಓದಿಕೊಳ್ಳದೆ ಬರುವವನು ತನಗಷ್ಟೇ ಅಲ್ಲ, ಹಿಂದೆ ಬರುವ ಇಡೀ ಸಾಲಿಗೇ ಅಪಾಯ.

ಇಳಿದ ಮೇಲೆ ಚಾಲಕ ಕಿಟಕಿಯಲ್ಲಿ ದೊಡ್ಡಕ್ಷರದ ಕಾಗದ ಹಿಡಿಯುತ್ತಾನೆ. ಜಿಎಸಿ ಎಂದಿದ್ದರೆ ಬಿಡಾರ ಹೂಡುವವನು, ಜಿಎಪಿ ಎಂದಿದ್ದರೆ ವಿಮಾನವನ್ನಷ್ಟೇ ನಿಲ್ಲಿಸುವವನು. ಸ್ವಯಂಸೇವಕರು ಕೈಸನ್ನೆಯಲ್ಲೇ ದಾರಿ ತೋರುತ್ತಾರೆ.

ಬಿಡಾರಕ್ಕೆ ಏನು ತರಬಹುದೆಂಬುದನ್ನು ತೂಕವೇ ನಿರ್ಧರಿಸುತ್ತದೆ. ನಾಲ್ಕು ಸೀಟಿನ ಸೆಸ್ನಾ 172 ವಿಮಾನದಲ್ಲಿ ಟ್ಯಾಂಕು ತುಂಬಿಸಿದರೆ ಜನ ಮತ್ತು ಸಾಮಾನು ಸೇರಿ ಉಳಿಯುವುದು ಹೆಚ್ಚುಕಡಿಮೆ 250 ಕಿಲೊ. ನಾಲ್ಕು ಸೀಟಿದ್ದರೂ ಡೇರೆ ಸಮೇತ ಸಲೀಸಾಗಿ ಹೋಗುವವರು ಇಬ್ಬರೇ. ಹಿಂದಿನ ಸಾಮಾನು ಜಾಗದ ಮಿತಿ ಸುಮಾರು 54 ಕಿಲೊ. ಬಂಡಿಯ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತದೆ. ವಿಮಾನದ ಬಾಲ ಭಾರವಾದರೆ ಮೂತಿ ಮೇಲೆದ್ದು ಹತೋಟಿಯೇ ತಪ್ಪಬಹುದು.

ಬಿಡಾರದ ಮೊದಲ ಕೆಲಸ ವಿಮಾನವನ್ನು ಕಟ್ಟಿಹಾಕುವುದು. ಡೇರೆ ಆಮೇಲೆ. ರೆಕ್ಕೆ ಇರುವುದೇ ಗಾಳಿಯಲ್ಲಿ ಮೇಲೇಳಲು, ಕೆಳಗೆ ಗಾಲಿ ನಿಂತಿದೆಯೆಂದು ಅದಕ್ಕೆ ಗೊತ್ತಿಲ್ಲ. ಸಣ್ಣ ವಿಮಾನ ಗಂಟೆಗೆ 90 ಕಿ.ಮೀ. ಆಸುಪಾಸಿನ ವೇಗದಲ್ಲೇ ನೆಲ ಬಿಡಬಲ್ಲದು; ಮಳೆಗಾಳಿಯ ಬೀಸು ಅಷ್ಟಾಗುವುದು ಅಪರೂಪವಲ್ಲ. ಆದ್ದರಿಂದ ಎರಡು ರೆಕ್ಕೆ ಮತ್ತು ಬಾಲ, ಹೀಗೆ ಮೂರು ಕಡೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುತ್ತಾರೆ. ಗೂಟ, ಹಗ್ಗಗಳನ್ನು ಬಂದವರೇ ತರಬೇಕು. 2011ರ ಮಾರ್ಚ್ 31ರಂದು ಫ್ಲಾರಿಡಾದ ಲೇಕ್‌ಲ್ಯಾಂಡ್‌ನ ಇಂಥದೇ ಮೇಳದ ಮೇಲೆ ಸುಂಟರಗಾಳಿ ಬಂದಾಗ ಹತ್ತಾರು ವಿಮಾನಗಳು ಮಗುಚಿದವು, ಮುರಿದವು.

ಗೂಟದ ಬಲ ಮಣ್ಣಿನಲ್ಲಿದೆ. ರೋಣ, ನರಗುಂದದ ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ, ಮಳೆಗೆ ಬಂಡಿಯ ಗಾಲಿಯನ್ನೇ ನುಂಗುತ್ತದೆ. ಹಸಿ ನೆಲದ ತೊಂದರೆ ಓಶ್‌ಕೋಶ್‌ಗೂ ಗೊತ್ತು. 2010ರಲ್ಲಿ ಮಳೆ ಹೆಚ್ಚಾಗಿ ಹುಲ್ಲುಬಯಲು ಕೆಸರಾದಾಗ ಬಂದ ವಿಮಾನಗಳನ್ನು ಬೇರೆ ನಿಲ್ದಾಣಗಳಿಗೆ ಕಳಿಸಬೇಕಾಯಿತು.

ಕರ್ನಾಟಕದ ದೊಡ್ಡ ವೈಮಾನಿಕ ಪ್ರದರ್ಶನ ಯಲಹಂಕದ ವಾಯುಪಡೆ ನೆಲೆಯಲ್ಲಿ ನಡೆಯುವ ಏರೋ ಇಂಡಿಯಾ. 1996ರಲ್ಲಿ ಆರಂಭವಾದ ಇದರ ಹದಿನೈದನೆಯ ಆವೃತ್ತಿ 2025ರ ಫೆಬ್ರುವರಿ 10ರಿಂದ 14ರವರೆಗೆ ನಡೆಯಿತು. ರಕ್ಷಣಾ ವ್ಯಾಪಾರವೇ ಅದರ ತಿರುಳು. ಸಾರ್ವಜನಿಕರು ಟಿಕೆಟ್ ಕೊಂಡು ಬಸ್ಸು, ಕಾರುಗಳಲ್ಲಿ ಬರುತ್ತಾರೆ. ಸ್ವಂತ ವಿಮಾನ ತಂದು ಡೇರೆ ಹಾಕಲು ಅಲ್ಲಿ ಎಡೆಯಿಲ್ಲ. ಪ್ರದರ್ಶನದ ಹೊತ್ತಿನಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹಾರಾಟವನ್ನೇ ಕೆಲವು ಗಂಟೆ ತಡೆಯುತ್ತಾರೆ. ಭಾರತದಲ್ಲಿ ಖಾಸಗಿ ಸಣ್ಣ ವಿಮಾನಗಳೂ ಕಡಿಮೆ, ಅವಕ್ಕೆ ಬೇಕಾದ ಏವ್‌ಗ್ಯಾಸ್ ಪೆಟ್ರೋಲ್ ಸಿಗುವ ಜಾಗಗಳೂ ಕಡಿಮೆ. ಯಲಹಂಕದ ನೆರೆಯ ಜಕ್ಕೂರಿನಂಥ ಸಣ್ಣ ನಿಲ್ದಾಣದಲ್ಲಿ ಮುಂದೊಂದು ದಿನ ಹತ್ತಿಪ್ಪತ್ತು ವಿಮಾನಗಳ ಪುಟ್ಟ ಮೇಳ ಸೇರಿದರೆ ಅದು ದೊಡ್ಡ ಸಂಗತಿಯೇ.

ಹಾಗೆ ಸೇರಿದಾಗ ಬೆಂಕಿಯ ಎಚ್ಚರ ಮೊದಲು ಬೇಕು. 2019ರ ಫೆಬ್ರುವರಿ 23ರಂದು ಏರೋ ಇಂಡಿಯಾದ ವಾಹನ ನಿಲುಗಡೆ ಬಯಲಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಗಾಳಿಗೆ ಹರಡಿ ಸುಮಾರು 300 ಕಾರುಗಳನ್ನು ಸುಟ್ಟಿತು. ಪೆಟ್ರೋಲ್ ತುಂಬಿದ ರೆಕ್ಕೆಯ ಬುಡದಲ್ಲಿ ಒಲೆ ಹೂಡುವುದು ಹುಡುಗಾಟವಲ್ಲ. ಮಕ್ಕಳನ್ನು ಪ್ರೊಪೆಲ್ಲರ್‌ನಿಂದ ದೂರವಿಡಬೇಕು. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದಾಗ ನಿಂತ ಎಂಜಿನ್ನೂ ಥಟ್ಟನೆ ಚಾಲೂ ಆಗುವ ಸಾಧ್ಯತೆಯಿದೆ.

ಹೊರಡುವ ಬೆಳಿಗ್ಗೆ ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲ್ ಗಾಜಿನ ಲೋಟಕ್ಕೆ ಇಳಿಸಿ ನೋಡುತ್ತಾರೆ. ರಾತ್ರಿಯ ಮಳೆನೀರು ಒಳಸೇರಿದ್ದರೆ ಅದು ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಡೇರೆ ಮಡಚಿ, ತೂಕ ಮತ್ತೊಮ್ಮೆ ಲೆಕ್ಕಹಾಕಿ, ಹಗ್ಗ ಬಿಚ್ಚಿ ಗೂಟ ಕೀಳುತ್ತಾರೆ. ಕಿಟಕಿಯಲ್ಲಿ ಈಗ ವಿಎಫ್‌ಆರ್ ಎಂಬ ಕಾಗದ, ಕಣ್ಣಳತೆಯಲ್ಲಿ ಹಾರಿ ಹೋಗುವವರ ಗುರುತು. ಸ್ವಯಂಸೇವಕರು ಅದನ್ನು ನೋಡಿ ರನ್‌ವೇಯ ಸಾಲಿಗೆ ಕಳಿಸುತ್ತಾರೆ.